ಹೆಸರೂ ವಿಳಾಸವೂ ಒಂದೇ ಕೈಯಲ್ಲಿ: ಸಣ್ಣ ಲ್ಯಾಬಿಗೆ ಡಿಎನ್‌ಎಸ್‌ಮಾಸ್ಕ್

ಮೂವತ್ತು ಕಂಪ್ಯೂಟರು, ಎರಡು ಪ್ರಿಂಟರು, ಒಂದು ಫೈಲ್ ಸರ್ವರು, ಮೇಲೆ ಮೇಷ್ಟ್ರುಗಳ ಫೋನುಗಳು. ಇಷ್ಟಿರುವ ಶಾಲೆಯ ಲ್ಯಾಬಿನಲ್ಲೋ ಸಣ್ಣ ಆಫೀಸಿನಲ್ಲೋ ಐಪಿ ಅಡ್ರೆಸ್ ಹಂಚುವ ಕೆಲಸ ಸಾಮಾನ್ಯವಾಗಿ ಇಂಟರ್‌ನೆಟ್ ಕಂಪನಿಯವರು ಕೊಟ್ಟ ರೂಟರಿನ ಪಾಲಿಗೆ ಬಿದ್ದಿರುತ್ತದೆ. ಪ್ರಿಂಟರನ್ನು ಹೆಸರು ಹಿಡಿದು ಕರೆಯುವ ಹಾಗಿಲ್ಲ. 192.168.1.37 ಎಂದು ಬರೆದ ಚೀಟಿ ಗೋಡೆಯ ಮೇಲಿರುತ್ತದೆ, ಕರೆಂಟ್ ಹೋಗಿ ಬಂದ ಮೇಲೆ ಪ್ರಿಂಟರು 41ಕ್ಕೆ ಹೋಗಿ ಕೂತಿರುತ್ತದೆ.

ಇದಕ್ಕೆ ಇರುವ ಮದ್ದುಗಳಲ್ಲಿ ತೀರಾ ಹಗುರವಾದದ್ದು ಡಿಎನ್‌ಎಸ್‌ಮಾಸ್ಕ್. ಸೈಮನ್ ಕೆಲ್ಲಿ ಬರೆದು, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನೋಡಿಕೊಂಡು ಬಂದಿರುವ ಪ್ರೋಗ್ರಾಮ್ ಇದು. ಓಪನ್‌ಡಬ್ಲ್ಯುಆರ್‌ಟಿ ಹಾಕಿದ ರೂಟರುಗಳಲ್ಲಿ, ಲಿಬ್‌ವರ್ಟ್ ಕಟ್ಟುವ ವರ್ಚುವಲ್ ನೆಟ್‌ವರ್ಕುಗಳಲ್ಲಿ, ಪೈ-ಹೋಲ್‌ನ ಹೊಟ್ಟೆಯೊಳಗೆ ಕೆಲಸ ಮಾಡುವುದು ಇದೇ. ಅಂಗೈಯಗಲದ ಕಂಪ್ಯೂಟರಾದ ರಾಸ್ಪ್‌ಬೆರಿ ಪೈ, ಹಳೆಯದೊಂದಿದ್ದರೂ ಸಾಕು, ನೂರು ಯಂತ್ರಗಳನ್ನು ಸುಸ್ತಾಗದೆ ನಿಭಾಯಿಸುತ್ತದೆ.

ಇದರ ನಿಜವಾದ ಬಲ ಹಗುರತನಕ್ಕಿಂತ ಬೇರೆ ಕಡೆ ಇದೆ. ಅಡ್ರೆಸ್ ಕೊಡುವುದೂ (ಇದು ಡಿಎಚ್‌ಸಿಪಿ) ಹೆಸರಿಗೆ ಉತ್ತರ ಹೇಳುವುದೂ (ಇದು ಡಿಎನ್‌ಎಸ್) ಇಲ್ಲಿ ಒಂದೇ ಪ್ರೋಗ್ರಾಮಿನ ಕೆಲಸ. ಒಂದು ಯಂತ್ರ ‘ನಾನು ಲ್ಯಾಬ್-07, ನನಗೊಂದು ಅಡ್ರೆಸ್ ಕೊಡು’ ಎಂದು ಡಿಎಚ್‌ಸಿಪಿಯಲ್ಲಿ ಕೇಳಿದ ಮರುಕ್ಷಣವೇ ಲ್ಯಾಬ್-07 ಎಂಬ ಹೆಸರು ಡಿಎನ್‌ಎಸ್‌ನಲ್ಲೂ ಸಿಗುತ್ತದೆ. ಯಾರೂ ಎಲ್ಲೂ ಬರೆದಿಡಬೇಕಿಲ್ಲ. ಈ ಎರಡನ್ನು ಬೇರ್ಪಡಿಸುವ ಯಾವ ಸೆಟ್ಟಿಂಗ್ ಇದ್ದರೂ ಅಲ್ಲಿಂದಲೇ ತಲೆನೋವು ಶುರು. ಕೆಳಗೆ ಹೇಳುವ ತಪ್ಪುಗಳಲ್ಲಿ ಹಲವು ಆ ಜಾತಿಯವು.

ಆಯ್ಕೆಗಳ ಹೆಸರುಗಳನ್ನು ಇಲ್ಲಿ ಉಚ್ಚಾರದ ಪ್ರಕಾರ ಕನ್ನಡದಲ್ಲೇ ಬರೆದಿದ್ದೇನೆ. ಫೈಲಿಗೆ ಹಾಕುವಾಗ ಎಲ್ಲವೂ ಇಂಗ್ಲಿಷ್ ಸಣ್ಣಕ್ಷರ, ನಡುಗೆರೆ ಇರುವಲ್ಲಿ ನಡುಗೆರೆ.

ಮೊದಲು ಸರ್ವರಿಗೇ ಒಂದು ಸ್ಥಿರ ಅಡ್ರೆಸ್ ಬೇಕು. ಅಡ್ರೆಸ್ ಹಂಚುವವನೇ ಇನ್ನೊಬ್ಬರ ಹತ್ತಿರ ಅಡ್ರೆಸ್ ಬೇಡುವಂತಾಗಬಾರದು. ಇಲ್ಲಿ ರೂಟರಿಗೆ 192.168.10.1, ಸರ್ವರಿಗೆ 192.168.10.2 ಇಟ್ಟುಕೊಳ್ಳೋಣ. ಮೂರನೆಯ ಅಂಕಿಗೆ 0 ಅಥವಾ 1 ಬೇಡ. ಮನೆಯ ರೂಟರುಗಳಲ್ಲಿ ಬಹಳಷ್ಟು ಅವನ್ನೇ ಬಳಸುವುದರಿಂದ ಮುಂದೆ ಯಾರಾದರೂ ಮನೆಯಿಂದ ವಿಪಿಎನ್ ಹಾಕಿದರೆ ಎರಡೂ ಕಡೆ ಒಂದೇ ನೆಟ್‌ವರ್ಕ್ ನಂಬರಾಗಿ ಡಿಕ್ಕಿ ಹೊಡೆಯುತ್ತದೆ. ಈಗಿನ ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಮೂಲಕ ಈ ಅಡ್ರೆಸ್ ಕೊಡಬೇಕು. 2023ರ ಅಕ್ಟೋಬರಿಗೆ ಮುಂಚಿನ ಆವೃತ್ತಿಗಳಲ್ಲಿದ್ದ ಡಿಎಚ್‌ಸಿಪಿಸಿಡಿ ಫೈಲನ್ನು ತಿದ್ದಿ ಎಂದು ಹೇಳುವ ಹಳೆಯ ಪಾಠಗಳು ಈಗ ಕೆಲಸಕ್ಕೆ ಬರುವುದಿಲ್ಲ.

ಡೆಬಿಯನ್, ಉಬುಂಟು ಎರಡರಲ್ಲೂ ‘ಆಪ್ಟ್ ಇನ್‌ಸ್ಟಾಲ್ ಡಿಎನ್‌ಎಸ್‌ಮಾಸ್ಕ್’ ಸಾಕು. ಡಿಎನ್‌ಎಸ್‌ಮಾಸ್ಕ್-ಬೇಸ್ ಎಂಬ ಇನ್ನೊಂದು ಪ್ಯಾಕೇಜಿನಲ್ಲಿ ಪ್ರೋಗ್ರಾಮ್ ಮಾತ್ರ ಇರುತ್ತದೆ, ಸರ್ವಿಸ್ ಇರುವುದಿಲ್ಲ. ‘ಹಾಕಿದ್ದೇನೆ, ಆದರೆ ಸ್ಟಾರ್ಟ್ ಆಗಲ್ಲ’ ಎನ್ನುವವರು ಕೆಲವೊಮ್ಮೆ ಅದೊಂದನ್ನೇ ಹಾಕಿಕೊಂಡಿರುತ್ತಾರೆ.

ಉಬುಂಟುವಿನಲ್ಲಿ ಹಾಕಿದ ಕೂಡಲೇ ಸರ್ವಿಸ್ ಬಿದ್ದು, ಪೋರ್ಟ್ 53 (ಡಿಎನ್‌ಎಸ್ ಪ್ರಶ್ನೆಗಳು ಬರುವ ಬಾಗಿಲು) ಆಗಲೇ ಬಳಕೆಯಲ್ಲಿದೆ ಎಂಬ ಸಾಲು ಲಾಗಿನಲ್ಲಿ ಬರುತ್ತದೆ. ಉಬುಂಟುವಿನದೇ ಹೆಸರು ಹುಡುಕುವ ಸರ್ವಿಸ್ ಸಿಸ್ಟಮ್‌ಡಿ-ರಿಸಾಲ್ವ್‌ಡಿ 127.0.0.53ರಲ್ಲಿ ಕೂತಿರುತ್ತದೆ. ಡಿಎನ್‌ಎಸ್‌ಮಾಸ್ಕ್ ಏನೂ ಹೇಳದಿದ್ದರೆ ಯಂತ್ರದ ಎಲ್ಲ ಅಡ್ರೆಸ್‌ಗಳನ್ನೂ ಒಟ್ಟಿಗೆ ಹಿಡಿಯಲು ಹೋಗುತ್ತದೆ. ಇಂಟರ್‌ಫೇಸ್ ಇಂಥದ್ದೆಂದು ಬರೆದರೂ ಅಷ್ಟೇ: ಎಲ್ಲವನ್ನೂ ಹಿಡಿದು, ಬೇಡವಾದ ಕಡೆಯಿಂದ ಬಂದ ಪ್ರಶ್ನೆಗಳನ್ನು ಆಮೇಲೆ ಬಿಸಾಕುವುದು ಅದರ ರೂಢಿ. ಹಲವರು ಇಲ್ಲಿ ಗಾಬರಿಬಿದ್ದು ರಿಸಾಲ್ವ್‌ಡಿಯನ್ನೇ ನಿಲ್ಲಿಸುತ್ತಾರೆ. ಆಗ /ಇಟಿಸಿ/ರಿಸಾಲ್ವ್.ಕಾನ್ಫ್ ಎಂಬ ಕೊಂಡಿ ಸತ್ತ ಅಡ್ರೆಸ್‌ಗೆ ತೋರಿಸುತ್ತ ಉಳಿದು, ಸರ್ವರಿಗೇ ಯಾವ ಹೆಸರೂ ಸಿಗದೆ, ಪ್ಯಾಕೇಜ್ ಇಳಿಸಿಕೊಳ್ಳಲೂ ಆಗದ ಸ್ಥಿತಿಗೆ ಬರುತ್ತದೆ. ಅದನ್ನು ಮುಟ್ಟುವ ಅಗತ್ಯವೇ ಇಲ್ಲ. ಬೈಂಡ್-ಡೈನಮಿಕ್ ಎಂಬ ಒಂದೇ ಸಾಲು ಹಾಕಿದರೆ ಡಿಎನ್‌ಎಸ್‌ಮಾಸ್ಕ್ ತನಗೆ ಬೇಕಾದ ಅಡ್ರೆಸ್‌ಗಳನ್ನಷ್ಟೇ ಹಿಡಿಯುತ್ತದೆ, ಇಬ್ಬರೂ ಒಂದೇ ಯಂತ್ರದಲ್ಲಿ ತಂಟೆಯಿಲ್ಲದೆ ಇರುತ್ತಾರೆ.

ಬೈಂಡ್-ಇಂಟರ್‌ಫೇಸಸ್ ಎಂಬ ಅಣ್ಣತಮ್ಮ ಆಯ್ಕೆಯೂ ಒಂದಿದೆ. ಕರೆಂಟ್ ಹೋಗಿಬರುವ ನಮ್ಮ ಕಡೆಗೆ ಬೈಂಡ್-ಡೈನಮಿಕ್ಕೇ ಸರಿ ಎಂದು ನನ್ನ ಅಭಿಪ್ರಾಯ. ಬೂಟ್ ಆಗುವಾಗ ನೆಟ್‌ವರ್ಕ್ ಕಾರ್ಡ್ ಇನ್ನೂ ಎದ್ದಿಲ್ಲದಿದ್ದರೆ ಬೈಂಡ್-ಇಂಟರ್‌ಫೇಸಸ್ ‘ಇಂಥ ಇಂಟರ್‌ಫೇಸೇ ಗೊತ್ತಿಲ್ಲ’ ಎಂದು ಸರ್ವಿಸನ್ನೇ ನಿಲ್ಲಿಸಿಬಿಡುತ್ತದೆ. ಬೈಂಡ್-ಡೈನಮಿಕ್ ಕಾಯುತ್ತದೆ, ಕಾರ್ಡ್ ಬಂದಾಗ ಅಂಟಿಕೊಳ್ಳುತ್ತದೆ.

ಸೆಟ್ಟಿಂಗುಗಳನ್ನು ಮೂಲ ಫೈಲಿನಲ್ಲಿ ತುಂಬದೆ /ಇಟಿಸಿ/ಡಿಎನ್‌ಎಸ್‌ಮಾಸ್ಕ್.ಡಿ ಫೋಲ್ಡರಿನಲ್ಲಿ ಲ್ಯಾಬ್.ಕಾನ್ಫ್ ಎಂಬ ಹೊಸ ಫೈಲ್ ಮಾಡಿ ಅಲ್ಲಿಡಿ. ಇಷ್ಟೇ ಸಾಲು:

ಇಂಟರ್‌ಫೇಸ್=ಈಥ್0
ಬೈಂಡ್-ಡೈನಮಿಕ್
ಡೊಮೇನ್-ನೀಡೆಡ್
ಬೋಗಸ್-ಪ್ರಿವ್
ನೋ-ರಿಸಾಲ್ವ್
ಸರ್ವರ್=1.1.1.1
ಸರ್ವರ್=9.9.9.9
ಡೊಮೇನ್=ಲ್ಯಾಬ್.ಇಂಟರ್ನಲ್
ಲೋಕಲ್=/ಲ್ಯಾಬ್.ಇಂಟರ್ನಲ್/
ಎಕ್ಸ್‌ಪಾಂಡ್-ಹೋಸ್ಟ್ಸ್
ಕ್ಯಾಶ್-ಸೈಜ್=1000
ಡಿಎಚ್‌ಸಿಪಿ-ರೇಂಜ್=192.168.10.100,192.168.10.199,255.255.255.0,8ಎಚ್
ಡಿಎಚ್‌ಸಿಪಿ-ಆಪ್ಷನ್=ಆಪ್ಷನ್:ರೂಟರ್,192.168.10.1
ಡಿಎಚ್‌ಸಿಪಿ-ಅಥಾರಿಟೇಟಿವ್

ಮೊದಲ ಸಾಲಿನ ಈಥ್0 ರಾಸ್ಪ್‌ಬೆರಿ ಪೈಯದು. ಡೆಸ್ಕ್‌ಟಾಪುಗಳಲ್ಲಿ ಹೆಸರು ಬೇರೆ ಇರುತ್ತದೆ, ‘ಐಪಿ ಅಡ್ರ್’ ಕಮಾಂಡ್ ಕೊಟ್ಟು ನೋಡಿಕೊಳ್ಳಿ. ನೋ-ರಿಸಾಲ್ವ್ ಬರೆಯುವಾಗ ಕೊನೆಯಲ್ಲಿ ಇಂಗ್ಲಿಷಿನ ‘ಇ’ ಅಕ್ಷರ ಇಲ್ಲ, ಮಾಮೂಲಿ ಕಾಗುಣಿತದಲ್ಲಿ ಬರೆದರೆ ಪ್ರೋಗ್ರಾಮ್ ಒಪ್ಪುವುದಿಲ್ಲ. ಈ ಸಾಲಿಲ್ಲದಿದ್ದರೆ ಡಿಎನ್‌ಎಸ್‌ಮಾಸ್ಕ್ ತನ್ನ ಮೇಲಿನ ಸರ್ವರು ಯಾರೆಂದು ಸಿಸ್ಟಮಿನ ರಿಸಾಲ್ವ್.ಕಾನ್ಫ್ ಫೈಲಿನಲ್ಲಿ ಹುಡುಕುತ್ತದೆ. ಅಲ್ಲಿ ರಿಸಾಲ್ವ್‌ಡಿ ಇದ್ದು, ರಿಸಾಲ್ವ್‌ಡಿಗೆ ಯಾರೋ ‘ನಿನ್ನ ಡಿಎನ್‌ಎಸ್ 192.168.10.2’ ಎಂದು ಹೇಳಿಟ್ಟಿದ್ದರೆ ಪ್ರಶ್ನೆ ಇಬ್ಬರ ನಡುವೆಯೇ ಗಿರಕಿ ಹೊಡೆಯುತ್ತದೆ. ಒಂದೇ ಸಲಕ್ಕೆ ಬಾಕಿ ಇರಬಹುದಾದ ಪ್ರಶ್ನೆಗಳ ಮಿತಿ 150 ಮೀರಿತು ಎಂಬ ದೂರು ಲಾಗಿನಲ್ಲಿ ಕಂಡರೆ, ಮೂವತ್ತು ಯಂತ್ರದ ಲ್ಯಾಬಿನಲ್ಲಿ ಬಹುಮಟ್ಟಿಗೆ ಈ ಗಿರಕಿಯೇ ಕಾರಣ. ಮಿತಿಯನ್ನು ಏರಿಸುವುದು ಪರಿಹಾರವಲ್ಲ.

ಡೊಮೇನ್-ನೀಡೆಡ್ ಇದ್ದರೆ ಚುಕ್ಕೆಯಿಲ್ಲದ ಒಂಟಿ ಹೆಸರುಗಳು ಹೊರಗಿನ ಸರ್ವರಿಗೆ ಹೋಗುವುದಿಲ್ಲ. ಬೋಗಸ್-ಪ್ರಿವ್ ಇದ್ದರೆ 192.168 ಬಗೆಯ ಖಾಸಗಿ ಅಡ್ರೆಸ್‌ಗಳ ಉಲ್ಟಾ ಹುಡುಕಾಟವೂ ಹೊರಗೆ ಹೋಗದು. ಲೋಕಲ್ ಎಂಬ ಸಾಲು ‘ಲ್ಯಾಬ್.ಇಂಟರ್ನಲ್ ಎಂದು ಮುಗಿಯುವುದೆಲ್ಲ ನಮ್ಮದು, ನಮಗೆ ಗೊತ್ತಿಲ್ಲದಿದ್ದರೆ ಯಾರಿಗೂ ಗೊತ್ತಿಲ್ಲ’ ಎಂದು ಹೇಳಿದಂತೆ. ಮೂರೂ ಒಳಗಿನ ಹೆಸರು ಒಳಗೇ ಉಳಿಯಲಿ ಎಂಬ ಕಾರಣಕ್ಕೆ.

ಡೊಮೇನ್ ಹೆಸರಿನ ಬಗ್ಗೆ ಎರಡು ಮಾತು. ಕೊನೆಯಲ್ಲಿ .ಲೋಕಲ್ ಇಡಲೇಬೇಡಿ. ಅದು 2013ರ ಆರ್‌ಎಫ್‌ಸಿ (ಇಂಟರ್‌ನೆಟ್ಟಿನ ನಿಯಮ ಹೇಳುವ ದಾಖಲೆ) 6762ರ ಪ್ರಕಾರ ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಮೀಸಲು. ಆಪಲ್ ಮ್ಯಾಕ್ ಕಂಪ್ಯೂಟರುಗಳೂ ಅವಾಹಿ ಎಂಬ ಮಲ್ಟಿಕಾಸ್ಟ್ ಡಿಎನ್‌ಎಸ್ ಪ್ರೋಗ್ರಾಮ್ ಇರುವ ಲಿನಕ್ಸ್ ಡೆಸ್ಕ್‌ಟಾಪುಗಳೂ ಆ ಹೆಸರನ್ನು ನಿಮ್ಮ ಸರ್ವರಿನ ಹತ್ತಿರ ಕೇಳುವುದೇ ಇಲ್ಲ, ನೆಟ್‌ವರ್ಕಿನಲ್ಲಿ ಕೂಗಿ ನೋಡಿ ಸುಮ್ಮನಾಗುತ್ತವೆ. ಒಂದು ಯಂತ್ರದಲ್ಲಿ ಹೆಸರು ಸಿಕ್ಕಿ ಪಕ್ಕದ್ದರಲ್ಲಿ ಸಿಗದ ವಿಚಿತ್ರಕ್ಕೆ ಇದೂ ಒಂದು ಕಾರಣ. ಮನೆಯಾದರೆ 2018ರ ಆರ್‌ಎಫ್‌ಸಿ 8375 ಕೊಟ್ಟ ಹೋಮ್.ಆರ್ಪಾ ಇದೆ. ಆಫೀಸು, ಶಾಲೆಗಳಿಗೆ ಇಂಟರ್‌ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಐಕಾನ್ ಸಂಸ್ಥೆ 2024ರಲ್ಲಿ ಖಾಸಗಿ ಬಳಕೆಗೆಂದು ಮೀಸಲಿಟ್ಟ .ಇಂಟರ್ನಲ್ ಒಳ್ಳೆಯದು.

ಇನ್ನು ರೂಟರ್ ಸಾಲು. ಇದನ್ನು ಬಿಟ್ಟರೆ ಡಿಎನ್‌ಎಸ್‌ಮಾಸ್ಕ್ ತನ್ನ ಅಡ್ರೆಸನ್ನೇ ಗೇಟ್‌ವೇ, ಅಂದರೆ ಹೊರಗೆ ಹೋಗುವ ದಾರಿ, ಎಂದು ಎಲ್ಲರಿಗೂ ಹೇಳಿಬಿಡುತ್ತದೆ. ಯಂತ್ರಗಳಿಗೆ ಅಡ್ರೆಸ್ ಸಿಕ್ಕಿತು, ಹೆಸರುಗಳಿಗೆ ಉತ್ತರವೂ ಬಂತು, ಆದರೆ ಒಂದು ಪುಟವೂ ತೆರೆಯುತ್ತಿಲ್ಲ ಎಂದಾದರೆ ಮೊದಲು ಈ ಸಾಲನ್ನು ನೋಡಿ.

ಡಿಎನ್‌ಎಸ್ ಅಡ್ರೆಸಿಗೆ ಬೇರೆ ಸಾಲು ಹಾಕಿಲ್ಲ ಎಂಬುದನ್ನು ಗಮನಿಸಿ. ತಾನೇ ಡಿಎನ್‌ಎಸ್ ಎಂದು ಅದು ಹೇಳಿಕೊಳ್ಳುತ್ತದೆ, ಅದೇ ನಮಗೆ ಬೇಕಾದದ್ದು. ‘ಇದು ಕೈಕೊಟ್ಟರೆ ಇರಲಿ’ ಎಂದು ಎರಡನೆಯದಾಗಿ 8.8.8.8 ಸೇರಿಸುವ ಅಭ್ಯಾಸ ಬಹಳ ಜನಕ್ಕಿದೆ. ದಯವಿಟ್ಟು ಬೇಡ. ಎರಡನೆಯ ಡಿಎನ್‌ಎಸ್ ಎಂದರೆ ಮೊದಲನೆಯದು ಸತ್ತಾಗ ಮಾತ್ರ ಬಳಸುವ ಸ್ಟೆಪ್ನಿ ಅಲ್ಲ. ಒಂದೊಂದು ಸಿಸ್ಟಮ್ ಒಂದೊಂದು ಲೆಕ್ಕದಲ್ಲಿ ಎರಡನ್ನೂ ಬಳಸುತ್ತದೆ, ಒಮ್ಮೆ ಅತ್ತ ಹೊರಳಿದರೆ ಎಷ್ಟೋ ಹೊತ್ತು ಅಲ್ಲೇ ನಿಲ್ಲುತ್ತದೆ. 8.8.8.8ಗೆ ನಿಮ್ಮ ಪ್ರಿಂಟರಿನ ಹೆಸರು ಗೊತ್ತಿಲ್ಲ, ‘ಅಂಥದ್ದಿಲ್ಲ’ ಎಂದು ಖಚಿತವಾಗಿ ಹೇಳುತ್ತದೆ. ಯಂತ್ರ ಅದನ್ನು ನಂಬುತ್ತದೆ, ಮತ್ತೊಬ್ಬರನ್ನು ಕೇಳುವುದಿಲ್ಲ. ಬೆಳಿಗ್ಗೆ ಪ್ರಿಂಟ್ ಆಗಿ ಮಧ್ಯಾಹ್ನ ಆಗದ ಲ್ಯಾಬುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಹೊರಗಿನ ಸರ್ವರುಗಳು ಎಷ್ಟಿದ್ದರೂ ಡಿಎನ್‌ಎಸ್‌ಮಾಸ್ಕಿನ ಬೆನ್ನ ಹಿಂದೆ, ಸರ್ವರ್ ಸಾಲುಗಳಲ್ಲಿ ಇರಲಿ. ಯಂತ್ರಗಳಿಗೆ ಕಾಣುವ ಡಿಎನ್‌ಎಸ್ ಒಂದೇ ಇರಲಿ.

ಇದೇ ರೋಗದ ಇನ್ನೊಂದು ರೂಪ ಐಪಿವಿ6. ಫೈಬರ್ ಸಂಪರ್ಕದ ರೂಟರು ಐಪಿವಿ6 ಕೊಡುತ್ತಿದ್ದರೆ, ಅದರ ಡಿಎಚ್‌ಸಿಪಿ ಆಫ್ ಮಾಡಿದ ಮೇಲೂ ರೂಟರ್ ಅಡ್ವರ್ಟೈಸ್‌ಮೆಂಟ್ ಮೂಲಕ ‘ನನ್ನನ್ನೇ ಡಿಎನ್‌ಎಸ್ ಕೇಳಿ’ ಎಂದು ಸಾರುತ್ತಲೇ ಇರಬಹುದು. ವಿಂಡೋಸಿನಲ್ಲಿ ‘ಐಪಿಕಾನ್ಫಿಗ್ /ಆಲ್’ ಕೊಟ್ಟಾಗ ಡಿಎನ್‌ಎಸ್ ಸಾಲಿನಲ್ಲಿ ಕೋಲನ್ ತುಂಬಿದ ಉದ್ದನೆಯ ಅಡ್ರೆಸ್ ಕಂಡರೆ ಹಾಗಾಗಿದೆ ಎಂದರ್ಥ. ರೂಟರಿನ ಐಪಿವಿ6 ಲ್ಯಾನ್ ಪುಟಕ್ಕೆ ಹೋಗಿ ಡಿಎನ್‌ಎಸ್ ಸಾರುವುದನ್ನು ನಿಲ್ಲಿಸಬೇಕು.

ರೂಟರಿನ ಡಿಎಚ್‌ಸಿಪಿ ಆಫ್ ಮಾಡದೆ ಇದನ್ನು ಶುರು ಮಾಡಿದರೆ ಒಂದೇ ಬೀದಿಯಲ್ಲಿ ಇಬ್ಬರು ಪೋಸ್ಟ್‌ಮನ್ ಆದಂತೆ. ಯಾರ ಆಫರ್ ಮೊದಲು ಬಂತೋ ಅದನ್ನೇ ಯಂತ್ರಗಳು ಸಾಮಾನ್ಯವಾಗಿ ಒಪ್ಪುತ್ತವೆ, ಹೀಗಾಗಿ ಅರ್ಧ ಲ್ಯಾಬು ಅತ್ತ, ಅರ್ಧ ಇತ್ತ. ಮೇಲಿನ ಕಮಾಂಡಿನಲ್ಲೇ ಡಿಎಚ್‌ಸಿಪಿ ಸರ್ವರ್ ಎಂಬ ಸಾಲು ಇರುತ್ತದೆ, ಯಾರು ಕೊಟ್ಟರೆಂದು ಅಲ್ಲಿ ನೋಡಿ. ಕೆಲವು ರೂಟರುಗಳಲ್ಲಿ ಆಫ್ ಮಾಡುವ ಸೌಲಭ್ಯವೇ ಇರುವುದಿಲ್ಲ. ಆಗ ಅದರ ಹಿಂದೆ ನಿಮ್ಮದೇ ಇನ್ನೊಂದು ರೂಟರು ಇಟ್ಟು, ಲ್ಯಾಬನ್ನು ಅದರ ಕೆಳಗೆ ತರುವುದು ಖರ್ಚಾದರೂ ನೆಮ್ಮದಿಯ ದಾರಿ. ರೂಟರು ಸುಮ್ಮನಾಗಿದೆ ಎಂದು ಖಾತ್ರಿಯಾದ ಮೇಲಷ್ಟೇ ಡಿಎಚ್‌ಸಿಪಿ-ಅಥಾರಿಟೇಟಿವ್ ಸಾಲನ್ನು ಇಡಿ. ಅದಿದ್ದರೆ ಹಳೆಯ ಅಡ್ರೆಸ್ ಹಿಡಿದುಕೊಂಡು ಬಂದ ಯಂತ್ರಕ್ಕೆ ತಕ್ಷಣ ಉತ್ತರ ಸಿಗುತ್ತದೆ, ಸುಮ್ಮನೆ ಕಾಯುವುದು ತಪ್ಪುತ್ತದೆ.

ಲೀಸ್ ಅವಧಿ, ಅಂದರೆ ಕೊಟ್ಟ ಅಡ್ರೆಸ್ ಯಂತ್ರದ ಬಳಿ ಉಳಿಯುವ ಕಾಲ, 8 ಗಂಟೆ ಎಂದಿಟ್ಟಿದ್ದೇನೆ. ಏನೂ ಹೇಳದಿದ್ದರೆ ಐಪಿವಿ4ಗೆ ಒಂದು ಗಂಟೆ. ಅವಧಿಯ ಅರ್ಧ ಕಳೆದಾಗ ಯಂತ್ರಗಳು ನವೀಕರಣಕ್ಕೆ ಕೇಳುತ್ತವೆ, ಉತ್ತರ ಬಾರದಿದ್ದರೆ ಎಂಟರಲ್ಲಿ ಏಳು ಭಾಗ ಕಳೆದಾಗ ಯಾರಾದರೂ ಸರಿ ಎಂದು ಕೂಗುತ್ತವೆ. ಆದ್ದರಿಂದ ಸರ್ವರು ಒಂದೆರಡು ಗಂಟೆ ಮಲಗಿದರೂ, ಆನ್ ಆಗಿಯೇ ಇರುವ ಯಂತ್ರಗಳ ಅಡ್ರೆಸ್‌ಗೆ ಏನೂ ಆಗುವುದಿಲ್ಲ. ಆದರೆ ಡಿಎನ್‌ಎಸ್ ಆ ಕ್ಷಣವೇ ನಿಲ್ಲುತ್ತದೆ. ಯುಪಿಎಸ್ ರೂಟರಿಗೆ ಮಾತ್ರ ಇದ್ದು ಸರ್ವರಿಗೆ ಇಲ್ಲದಿದ್ದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಪ್ರಿಂಟರಿಗೆ, ಫೈಲ್ ಸರ್ವರಿಗೆ ಕಾಯಂ ಅಡ್ರೆಸ್ ಕೊಡಲು ಇನ್ನೊಂದು ಸಾಲು (ಮೊದಲು ಬರುವುದು ಮ್ಯಾಕ್ ಅಡ್ರೆಸ್, ಅಂದರೆ ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರು):

ಡಿಎಚ್‌ಸಿಪಿ-ಹೋಸ್ಟ್=52:54:00:12:34:56,ಪ್ರಿಂಟರ್,192.168.10.20

ಈ ಅಡ್ರೆಸ್ 100ರಿಂದ 199ರ ಹೊರಗಿದೆ. ಅದು ಸರಿಯೇ, ಅದೇ ಸಬ್‌ನೆಟ್ಟಿನಲ್ಲಿ, ಇಲ್ಲಿ 192.168.10ರಲ್ಲಿ, ಇದ್ದರೆ ಸಾಕು. ರೇಂಜಿನ ಹೊರಗೆ ಇಡುವುದೇ ಮೇಲು. ಒಳಗಿನದನ್ನು ಕೊಟ್ಟು, ಅದು ಆಗಲೇ ಇನ್ನೊಬ್ಬರ ಲೀಸಿನಲ್ಲಿದ್ದರೆ, ಆ ಅವಧಿ ಮುಗಿಯುವ ತನಕ ಪ್ರಿಂಟರಿಗೆ ಸಿಗುವುದಿಲ್ಲ. ಫೋನುಗಳಿಗೆ ಹೀಗೆ ಅಡ್ರೆಸ್ ಕಟ್ಟಿಡುವ ಆಸೆ ಬೇಡ. ಆಂಡ್ರಾಯ್ಡ್ 10, ಐಓಎಸ್ 14ರಿಂದ ಈಚೆಗೆ ಫೋನುಗಳು ವೈಫೈನಲ್ಲಿ ನಿಜವಾದ ಮ್ಯಾಕ್ ಅಡ್ರೆಸ್ ತೋರಿಸದೆ ಬೇರೊಂದನ್ನು ಹೇಳುತ್ತವೆ.

ಡೆಬಿಯನ್ ಕುಟುಂಬದಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ. ಇನ್‌ಸ್ಟಾಲ್ ಆಗುವಾಗಲೇ /ಇಟಿಸಿ/ಹೋಸ್ಟ್ಸ್ ಫೈಲಿನಲ್ಲಿ 127.0.1.1ರ ಮುಂದೆ ಸರ್ವರಿನ ಹೆಸರು ಬರೆದಿರುತ್ತದೆ. ಡಿಎನ್‌ಎಸ್‌ಮಾಸ್ಕ್ ಆ ಫೈಲನ್ನು ಓದಿ, ಅದರಲ್ಲಿದ್ದದ್ದನ್ನೇ ಲೋಕಕ್ಕೆಲ್ಲ ಹೇಳುತ್ತದೆ. ಲ್ಯಾಬ್-07 ‘ಸರ್ವರು ಎಲ್ಲಿ?’ ಎಂದು ಕೇಳಿದರೆ ‘127.0.1.1’ ಎಂಬ ಉತ್ತರ, ಅಂದರೆ ‘ನೀನೇ’. ಆ ಸಾಲಿನ ಅಡ್ರೆಸನ್ನು 192.168.10.2 ಎಂದು ತಿದ್ದಿ.

ಬದಲಾವಣೆ ಮಾಡಿದ ಪ್ರತಿಸಲ ‘ಡಿಎನ್‌ಎಸ್‌ಮಾಸ್ಕ್ --ಟೆಸ್ಟ್’ ಓಡಿಸಿ, ಕಾಗುಣಿತ ಸರಿಯಿದ್ದರೆ ಓಕೆ ಎನ್ನುತ್ತದೆ. ಸರ್ವಿಸನ್ನು ರೀಲೋಡ್ ಮಾಡಿದರೆ ಸಾಲದು. ರೀಲೋಡ್ ಕ್ಯಾಶ್ ಖಾಲಿ ಮಾಡಿ ಹೋಸ್ಟ್ಸ್ ಫೈಲನ್ನು ಮತ್ತೆ ಓದುತ್ತದೆಯೇ ಹೊರತು ಕಾನ್ಫ್ ಫೈಲುಗಳನ್ನು ಮುಟ್ಟುವುದಿಲ್ಲ. ರೀಸ್ಟಾರ್ಟ್ ಮಾಡಬೇಕು, ಅರೆಕ್ಷಣದ ಕೆಲಸ, ಲೀಸುಗಳು ಡಿಸ್ಕಿನಲ್ಲಿರುವುದರಿಂದ ಕಳೆದುಹೋಗುವುದಿಲ್ಲ. ಹಳೆಯದರ ಪ್ರತಿಯನ್ನು ಅದೇ ಫೋಲ್ಡರಿನಲ್ಲಿ ಲ್ಯಾಬ್.ಕಾನ್ಫ್.ಬ್ಯಾಕ್ ಎಂದು ಇಡಬೇಡಿ. ಡೆಬಿಯನ್ ಏರ್ಪಾಟಿನಲ್ಲಿ ಆ ಫೋಲ್ಡರಿನ ಹೆಚ್ಚುಕಡಿಮೆ ಎಲ್ಲ ಫೈಲುಗಳನ್ನೂ ಓದಲಾಗುತ್ತದೆ. ನೀವು ಅಳಿಸಿದ ಸಾಲು ಬ್ಯಾಕ್ ಫೈಲಿನಲ್ಲಿ ಇನ್ನೂ ಜೀವಂತ ಇರುತ್ತದೆ.

ಈಗ ‘ಜರ್ನಲ್‌ಸಿಟಿಎಲ್ -ಯು ಡಿಎನ್‌ಎಸ್‌ಮಾಸ್ಕ್ -ಎಫ್’ ತೆರೆದಿಟ್ಟು ಒಂದು ಯಂತ್ರದ ಕೇಬಲ್ ಕಿತ್ತು ಹಾಕಿ. ಹೊಸ ಯಂತ್ರವಾದರೆ ನಾಲ್ಕು ಸಾಲು ಬರಬೇಕು: ಯಂತ್ರದಿಂದ ಡಿಸ್ಕವರ್, ಸರ್ವರಿನಿಂದ ಆಫರ್, ಯಂತ್ರದಿಂದ ರಿಕ್ವೆಸ್ಟ್, ಸರ್ವರಿನಿಂದ ಆಕ್. ಆಕ್ ಸಾಲಿನ ಕೊನೆಯಲ್ಲಿ ಯಂತ್ರದ ಹೆಸರಿರುತ್ತದೆ. ಮೊದಲೇ ಲೀಸ್ ಪಡೆದಿದ್ದ ಯಂತ್ರ ನೇರವಾಗಿ ರಿಕ್ವೆಸ್ಟಿನಿಂದ ಶುರು ಮಾಡಬಹುದು, ಅದಕ್ಕೆ ಗಾಬರಿ ಬೇಡ. ಈ ಸಾಲುಗಳ ಬದಲು, ಈ ಕೋರಿಕೆಗೆ ಅಡ್ರೆಸ್ ರೇಂಜ್ ಇಲ್ಲ ಎಂದು ಲಾಗ್ ಮತ್ತೆಮತ್ತೆ ಹೇಳಿದರೆ, ಸರ್ವರಿನ ಸ್ವಂತ ಅಡ್ರೆಸೂ ನೀವು ಬರೆದ ರೇಂಜೂ ಬೇರೆಬೇರೆ ಸಬ್‌ನೆಟ್ಟಿನಲ್ಲಿವೆ. ಯಾವ ಸಾಲೂ ಬಾರದೆ ಯಂತ್ರ 169.254ರಿಂದ ಶುರುವಾಗುವ ಅಡ್ರೆಸ್ ಹಾಕಿಕೊಂಡರೆ ಫೈರ್‌ವಾಲ್ ನೋಡಿ. ‘192.168.10.0/24ರಿಂದ ಬಂದದ್ದನ್ನು ಬಿಡು’ ಎಂಬ ನಿಯಮ ಇಲ್ಲಿ ಕೆಲಸ ಮಾಡುವುದಿಲ್ಲ. ಇನ್ನೂ ಅಡ್ರೆಸೇ ಇಲ್ಲದ ಯಂತ್ರ 0.0.0.0 ಎಂಬ ಮೂಲದಿಂದ ಕೂಗುತ್ತಿರುತ್ತದೆ. ಯುಡಿಪಿ 67ನ್ನು ಇಂಟರ್‌ಫೇಸ್ ಹೆಸರಿನ ಮೇಲೆ ತೆರೆಯಿರಿ. 53ನ್ನು ಯುಡಿಪಿ, ಟಿಸಿಪಿ ಎರಡರಲ್ಲೂ ತೆರೆಯಿರಿ. ದೊಡ್ಡ ಉತ್ತರಗಳು ಟಿಸಿಪಿಯಲ್ಲಿ ಬರುತ್ತವೆ.

ಲೀಸುಗಳು /ವಾರ್/ಲಿಬ್/ಮಿಸ್ಕ್ ಫೋಲ್ಡರಿನ ಡಿಎನ್‌ಎಸ್‌ಮಾಸ್ಕ್.ಲೀಸಸ್ ಫೈಲಿನಲ್ಲಿ ಸಾಲಿಗೊಂದರಂತೆ ಇರುತ್ತವೆ:

1735689600 52:54:00:12:34:57 192.168.10.112 ಲ್ಯಾಬ್-07 01:52:54:00:12:34:57

ಮೊದಲ ಅಂಕಿ ಲೀಸ್ ಮುಗಿಯುವ ಹೊತ್ತು, 1970ರಿಂದ ಎಣಿಸಿದ ಸೆಕೆಂಡುಗಳಲ್ಲಿ. ಇದು ನಮ್ಮ ಗಡಿಯಾರದಲ್ಲಿ 2025ರ ಜನವರಿ 1, ಬೆಳಿಗ್ಗೆ 5:30. ಆಮೇಲೆ ಮ್ಯಾಕ್, ಐಪಿ, ಹೆಸರು, ಕೊನೆಯಲ್ಲಿ ಯಂತ್ರ ಹೇಳಿಕೊಂಡ ಗುರುತು. ಹೆಸರಿನ ಜಾಗದಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಆ ಯಂತ್ರ ಹೆಸರು ಹೇಳಿಲ್ಲ ಎಂದು, ಅದನ್ನು ಡಿಎನ್‌ಎಸ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ. ಈ ಫೈಲನ್ನು ತಿದ್ದಲೇಬೇಕಾದರೆ ಮೊದಲು ಸರ್ವಿಸ್ ನಿಲ್ಲಿಸಿ. ಅಸಲಿ ಪಟ್ಟಿ ಇರುವುದು ಪ್ರೋಗ್ರಾಮಿನ ಮೆಮೊರಿಯಲ್ಲಿ, ನೀವು ತಿದ್ದಿದ್ದರ ಮೇಲೆ ಅದು ಮತ್ತೆ ಬರೆದುಬಿಡುತ್ತದೆ.

ರಾಸ್ಪ್‌ಬೆರಿ ಪೈನಲ್ಲಿ ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರಗಳ ಸಹಿ ನೋಡುವ) ಪರಿಶೀಲನೆ ಹಾಕುವವರಿಗೆ ಒಂದು ಎಚ್ಚರಿಕೆ. ಪೈ 4 ಮತ್ತು ಅದಕ್ಕೂ ಹಳೆಯ ಬೋರ್ಡುಗಳಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟ್ ಬಂದಾಗ ಸಮಯ ಹಿಂದೆ ಬಿದ್ದಿರುತ್ತದೆ, ಸಹಿಗಳ ಅವಧಿ ತಾಳೆಯಾಗದೆ ಹೆಸರುಗಳು ಸಿಗುವುದಿಲ್ಲ. ಸಮಯ ಸರಿಮಾಡಿಕೊಳ್ಳಲು ಸಮಯ ಹೇಳುವ ಎನ್‌ಟಿಪಿ ಸರ್ವರಿನ ಹೆಸರು ಬೇಕು, ಆ ಹೆಸರೂ ಸಿಗುವುದಿಲ್ಲ. ಡಿಎನ್‌ಎಸ್‌ಸೆಕ್-ಟೈಮ್‌ಸ್ಟಾಂಪ್ ಎಂಬ ಆಯ್ಕೆ ಇರುವುದು ಈ ಗಂಟು ಬಿಡಿಸಲಿಕ್ಕೆ. ಇಲ್ಲವಾದರೆ ಎನ್‌ಟಿಪಿ ಸರ್ವರನ್ನು ಐಪಿ ಅಂಕಿಯಲ್ಲೇ ಬರೆದಿಡಿ.

ಆವೃತ್ತಿಯನ್ನೂ ಗಮನಿಸಿ. 2021ರ ಜನವರಿಯಲ್ಲಿ ಬಯಲಾದ, ಡಿಎನ್‌ಎಸ್‌ಪೂಕ್ ಎಂದು ಕರೆದ ಏಳು ದೋಷಗಳು 2.83ರಲ್ಲಿ ಸರಿಯಾದವು, ಡಿಎನ್‌ಎಸ್‌ಸೆಕ್ ಪರಿಶೀಲನೆಯನ್ನೇ ಉಸಿರುಕಟ್ಟಿಸುವ ಕೀಟ್ರ್ಯಾಪ್ ದೋಷಕ್ಕೆ 2024ರ ಫೆಬ್ರವರಿಯ 2.90ರಲ್ಲಿ ಪರಿಹಾರ ಬಂತು. ಡೆಬಿಯನ್, ಉಬುಂಟುಗಳು ಈ ತಿದ್ದುಪಡಿಗಳನ್ನು ಹಳೆಯ ನಂಬರಿನ ಪ್ಯಾಕೇಜುಗಳಿಗೂ ಸೇರಿಸಿ ಕೊಡುತ್ತವೆ, ಅಪ್‌ಡೇಟ್ ಮಾಡುತ್ತಿದ್ದರೆ ಸಾಕು. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಪೈಗಳದ್ದೇ ಚಿಂತೆ.

ಡಿಎನ್‌ಎಸ್‌ಮಾಸ್ಕಿನಲ್ಲಿ ಒಂದು ಸರ್ವರು ಬಿದ್ದರೆ ಇನ್ನೊಂದು ತಾನಾಗಿ ವಹಿಸಿಕೊಳ್ಳುವ ಏರ್ಪಾಟಿಲ್ಲ. ಅದಕ್ಕೆ ಸುಲಭದ ದಾರಿ, ಎಲ್ಲ ಸರಿಯಾದ ದಿನವೇ ಎಸ್‌ಡಿ ಕಾರ್ಡಿನ ಇನ್ನೊಂದು ಪ್ರತಿ ಮಾಡಿ, ಮೇಲೆ 192.168.10.2 ಎಂದು ಬರೆದು ಬೀರುವಿನಲ್ಲಿ ಇಡುವುದು. ಕಾರ್ಡ್ ಕೆಟ್ಟ ದಿನ ಅದನ್ನು ತೂರಿಸಿ ಆನ್ ಮಾಡಿ. ಅದರಲ್ಲಿರುವ ಲೀಸ್ ಪಟ್ಟಿ ಹಳೆಯದಾದರೂ ಪರವಾಗಿಲ್ಲ: ಅಥಾರಿಟೇಟಿವ್ ಸಾಲು ಇರುವುದರಿಂದ ಯಂತ್ರಗಳು ಕೇಳುತ್ತ ಬಂದಹಾಗೆ ಪಟ್ಟಿ ಮತ್ತೆ ಕಟ್ಟಿಕೊಳ್ಳುತ್ತದೆ. ಹೊಸದಾಗಿ ಅಡ್ರೆಸ್ ಆರಿಸುವಾಗಲೂ ಮ್ಯಾಕ್ ನಂಬರಿನಿಂದಲೇ ಲೆಕ್ಕ ಹಾಕುವ ಕಾರಣ ಲ್ಯಾಬ್-07ಕ್ಕೆ ಬಹುಪಾಲು ಅದೇ 112 ಸಿಗುತ್ತದೆ.